ಎರಡು ಚೀಲ ವಾಲ್ಯೂಮ್ ಕಂಟ್ರೋಲ್

ಊರಿಗೆ ಊರೇ ಅದಿರು ಅಗೆದು ದೊಡ್ಡವರಾಗುತ್ತಿದ್ದ ಕಾಲದಲ್ಲಿ ನಾನು ಎರಡು ಚೀಲ ವಾಲ್ಯೂಮ್ ಕಂಟ್ರೋಲ್ ಕೊಂಡೆ. ಇಷ್ಟು ಹೇಳಿದರೆ ನಾನು ಎಂಥ ಆಸಾಮಿ ಎಂಬುದು ನಿಮಗೆ ಗೊತ್ತಾಗಿಯೇ ಹೋಯಿತು. ಆದರೂ ಹೇಳಲು ಕೂತಿದ್ದೇನೆ, ಪೂರ್ತಿ ಕೇಳಿಬಿಡಿ.

ನನ್ನ ಹೆಸರು ಚನ್ನಯ್ಯ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ರೇಡಿಯೋ, ಟೇಪ್ ರೆಕಾರ್ಡರ್, ಆಂಪ್ಲಿಫೈಯರ್ ರಿಪೇರಿ ಮಾಡುತ್ತೇನೆ. ಬೋರ್ಡಿನ ಮೇಲೆ ಟಿ.ವಿ. ಎಂದೂ ಬರೆಸಿದ್ದೆ. ಮೊದಲು ಬಂದ ಟಿ.ವಿ.ಯನ್ನು ಬಿಚ್ಚಿ, ಮತ್ತೆ ಮುಚ್ಚಲು ಹೋದಾಗ ಆರು ಸ್ಕ್ರೂ ಮಿಕ್ಕವು. ಮರುದಿನವೇ ಆ ಎರಡಕ್ಷರದ ಮೇಲೆ ಬಣ್ಣ ಬಳಿಸಿದೆ.

ಎರಡು ಸಾವಿರದ ಐದನೇ ಇಸವಿ. ನಮ್ಮ ಓಣಿಯಲ್ಲಿ ಸೈಕಲ್ ಪಂಕ್ಚರ್ ಹಾಕುತ್ತಿದ್ದವನು ಎರಡು ಲಾರಿ ಇಟ್ಟಿದ್ದ. ಸಂಡೂರಿನ ಕಡೆ ನಾಲ್ಕು ಎಕರೆ ಕಲ್ಲುಭೂಮಿ ಇದ್ದವನೊಬ್ಬ ಬಿಳಿ ಜೀಪಿನಲ್ಲಿ ಬಂದು, ಗಾಜು ಇಳಿಸಿ, “ಏನ್ ಚನ್ನಯ್ಯ, ಇನ್ನೂ ಸೀಸ ಕಾಯ್ಸಾಕತ್ತೀಯೇನು?” ಎಂದು ಕೇಳಿ ಹೋಗಿದ್ದ. ಕೇಳಿದ್ದರಲ್ಲಿ ತಪ್ಪಿಲ್ಲ, ಆ ಹೊತ್ತಿಗೂ ನಾನು ಸೀಸವನ್ನೇ ಕಾಯಿಸುತ್ತಿದ್ದೆ. ಆದರೆ ಆ ಮಾತು ಹೊಟ್ಟೆಗೆ ಹೋಗಿ ಕೂತಿತು. ನಾನೂ ಏನಾದರೂ ದೊಡ್ಡದು ಮಾಡಬೇಕು ಅನ್ನಿಸಿತು.

ಅದೇ ವಾರ ಗುಜರಿಯವನೊಬ್ಬ ಎಲ್ಲೋ ಮುಚ್ಚಿಹೋದ ಟೇಪ್ ರೆಕಾರ್ಡರ್ ಕಾರ್ಖಾನೆಯ ಮಾಲು ತಂದಿದ್ದ. ಎರಡು ಗೋಣಿಚೀಲದ ತುಂಬ ಹೊಚ್ಚಹೊಸ ವಾಲ್ಯೂಮ್ ಕಂಟ್ರೋಲು. ಪುಸ್ತಕದಲ್ಲಿ ಇದಕ್ಕೆ ಪೊಟೆನ್ಷಿಯೋಮೀಟರ್ ಎನ್ನುತ್ತಾರೆ. ರೇಡಿಯೋದ ಕಿವಿ ಹಿಂಡಿದರೆ ಸದ್ದು ಏರುವುದು ಇಳಿಯುವುದು ಇದರಿಂದಲೇ. ಎರಡನೇ ಚೀಲದ ತಳದಲ್ಲಿ, ಹಾಡಿಗೆ ತಕ್ಕಂತೆ ಮುಳ್ಳು ಕುಣಿಯುತ್ತದಲ್ಲ, ಆ ಸಣ್ಣ ಮೀಟರುಗಳೂ ಒಂದಷ್ಟು ಇದ್ದವು. ನಮ್ಮ ಊರಿನ ಕೆಂಪು ಧೂಳಿಗೆ ಯಾವ ವಾಲ್ಯೂಮ್ ಕಂಟ್ರೋಲೂ ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ, ಕರಕರ ಎನ್ನಲು ಶುರುಮಾಡುತ್ತದೆ. ಅಂದರೆ ಇನ್ನು ನಾನು ಸಾಯುವ ತನಕ ವ್ಯಾಪಾರ ಎಂದು ಲೆಕ್ಕ ಹಾಕಿ ಎರಡೂ ಚೀಲ ಎತ್ತಿಸಿಕೊಂಡು ಬಂದೆ.

ನಾನು ನೋಡದೆ ಕೊಂಡೆ ಎಂದುಕೊಳ್ಳಬೇಡಿ. ಮೂವತ್ತು ಕಂಟ್ರೋಲ್ ಆರಿಸಿ, ಈ ತುದಿಯಿಂದ ಆ ತುದಿಗೆ ಮೀಟರ್ ಹಿಡಿದು ಅಳೆದಿದ್ದೆ. ಎಲ್ಲವೂ ಸರಿ ತೋರಿಸಿದವು. ತಿರುಗಿಸುವ ಕಡ್ಡಿಯನ್ನು ನಡುವೆ ನಿಲ್ಲಿಸಿ ಒಂದೇ ಒಂದು ಸಲ ಅಳೆದಿದ್ದರೆ ಸಾಕಿತ್ತು, ಬಣ್ಣ ಬಯಲಾಗುತ್ತಿತ್ತು. ಸದ್ದಿಗೆ ಹಾಕುವ ಜಾತಿ ಬೇರೆ. ಅದು ಮೊದಲು ಮೆಲ್ಲಗೆ ಏರಿ, ಆಮೇಲೆ ಜೋರಾಗುತ್ತದೆ, ನಮ್ಮ ಕಿವಿಗೆ ಹಾಗಿದ್ದರೇ ಹಿತ. ನಾನು ತಂದವು ಅಳತೆಗೋಲಿನ ಜಾತಿ. ಎಷ್ಟು ತಿರುಗಿಸಿದರೆ ಅಷ್ಟೇ, ಒಂದು ಕೂದಲು ಹೆಚ್ಚಿಲ್ಲ ಕಡಿಮೆಯಿಲ್ಲ. ಸದ್ದಿಗೆ ಹಾಕಿದರೆ ಮುಟ್ಟಿದ ಕೂಡಲೇ ಒದರುತ್ತವೆ.

ಇದು ನನಗೆ ತಿಳಿದದ್ದು ಎದುರು ಮನೆಯ ಉಚ್ಚಂಗೆಮ್ಮನಿಂದ. ಆಕೆಯ ರೇಡಿಯೋಕ್ಕೆ ಹೊಸ ಕಂಟ್ರೋಲ್ ಹಾಕಿ ಕೊಟ್ಟಿದ್ದೆ. ಮರುದಿನ ಬೆಳಿಗ್ಗೆ ಹಾಲಿನ ಪಾತ್ರೆ ಹಿಡಿದುಕೊಂಡೇ ಕಿವಿ ತಿರುಗಿಸಿದ್ದಾಳೆ. ವಾರ್ತೆ ಓದುವವನು ಅಡುಗೆಮನೆಯೊಳಗೇ ನುಗ್ಗಿ ಕೂಗಿದಂತಾಗಿ ಹಾಲೆಲ್ಲ ನೆಲದ ಪಾಲು. ರೇಡಿಯೋ ತಂದು ನನ್ನ ಮೇಜಿನ ಮೇಲೆ ಕುಕ್ಕಿದಳು.

“ಚನ್ನಯ್ಯಾ, ಇದಕ್ಕ ಎರಡ ಗೊತ್ತೈತಿ ನೋಡು. ಒಂದ್ ಬಾಯ್ ಮುಚ್ಕೊಂಡ್ ಕುಂದ್ರೋದು, ಇಲ್ಲಾ ಒದರೋದು. ನಮ್ಮ ಮನ್ಯಾಗ ಅಂಥಾದ್ ಒಂದ್ ಆಗಲೇ ಐತಿ, ಇನ್ನೊಂದ್ ಬ್ಯಾಡ” ಎಂದಳು.

ಅಗ್ಗ ಎಂದು ಮುಗ್ಗಲು ಜೋಳ ತಂದರು ಎನ್ನುತ್ತಾರಲ್ಲ, ಆ ಗಾದೆಯನ್ನು ನನ್ನ ಹೆಂಡತಿ ಗಂಗಾಂಬಿಕಾ ಆ ದಿನ ಹೇಳಲಿಲ್ಲ. ಜೋಳ ಹಸನು ಮಾಡುತ್ತ ಕೂತಿದ್ದಳು, ಮೊರದಲ್ಲಿ ಸ್ವಲ್ಪ ಜೋರಾಗಿ ಕೇರಿದಳು. ಅಷ್ಟೇ.

ಆಮೇಲೆ ಶುರುವಾಯಿತು ನನ್ನ ಸಂಶೋಧನೆ. ಇಷ್ಟೊಂದು ಕಂಟ್ರೋಲಿಗೆ ಏನಾದರೂ ಉಪಯೋಗ ಇರಲೇಬೇಕು ಎಂದು ಹಟ ಹಿಡಿದೆ. ಕಡ್ಡಿರಾಂಪುರದಲ್ಲಿ ಹಂಪಿಗೆ ಬರುವ ವಿದೇಶಿಯರಿಗೆ ಕೋಣೆ ಬಾಡಿಗೆ ಕೊಡುತ್ತಿದ್ದ ಅಭಯ ಎಂಬವನಿಗೆ, ಬಲ್ಬನ್ನು ಮಂದ ಮಾಡುವ ಗುಂಡಿ ಹಾಕಿಕೊಟ್ಟೆ. ಕರೆಂಟಿನ ಲೈನಿಗೆ ನೇರವಾಗಿ ಈ ಬಡ ಕಂಟ್ರೋಲ್ ಸಿಕ್ಕಿಸುವವನು ಒಂದೋ ಹುಚ್ಚ, ಇಲ್ಲವೇ ನಾನು. ಗೋಡೆಯಿಂದ ದಟ್ಟ ಹೊಗೆ ಎದ್ದಿತು. ಒಳಗಿದ್ದ ವಿದೇಶಿ ಗಂಡ ಹೆಂಡತಿ ಅದು ಸಂಜೆಯ ಧೂಪವೆಂದು ತಿಳಿದು ಕೈಮುಗಿದು ನಿಂತಿದ್ದರಂತೆ. ಅಭಯ ಮಾತ್ರ ಕೈಮುಗಿಯಲಿಲ್ಲ. ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ, ಭತ್ತ ಸುರಿಯುವ ಎತ್ತರದ ತೊಟ್ಟಿ ಎಷ್ಟು ತುಂಬಿದೆ ಎಂದು ಕೆಳಗಿನಿಂದಲೇ ತಿಳಿಯುವ ಹಾಗೆ ಒಂದು ಮೀಟರ್ ಕಟ್ಟಿದೆ. ಅದು ನಿಜವಾಗಿ ಚೆನ್ನಾಗಿತ್ತು. ನಾಲ್ಕನೇ ದಿನ ಇಲಿಗಳು ವೈರ್ ತಿಂದು ಮುಗಿಸಿದವು.

ಮನೆಯಲ್ಲಿ ಗಂಗಾಂಬಿಕಾ ನನ್ನನ್ನು ಕೇಳದೆಯೇ ಒಂದು ಡಜನ್ ತೆಗೆದುಕೊಂಡು ಪರದೆಯ ಅಂಚಿಗೆ ಹೊಲಿದಳು. ಗಾಳಿಗೆ ಹಾರುತ್ತಿದ್ದ ಪರದೆ ತೆಪ್ಪಗೆ ನಿಂತಿತು. ಇನ್ನೂ ಆರನ್ನು ಅಡುಗೆಮನೆಯ ಡ್ರಾಯರುಗಳಿಗೆ ಹಿಡಿಕೆ ಮಾಡಿಸಿದಳು. ಹಾಗೆ ನೋಡಿದರೆ ಅಲ್ಲಿಯ ತನಕ ಫಲ ಕೊಟ್ಟ ಸಂಶೋಧನೆಗಳೆಲ್ಲ ಅವಳವೇ.

ಇನ್ನು ಮಲ್ಲೇಶನ ವಿಷಯಕ್ಕೆ ಬರಬೇಕು, ಈ ಕಥೆ ಇರುವುದೇ ಅವನಿಗಾಗಿ. ಮಲ್ಲೇಶ ಗಂಗಾಂಬಿಕಾಳ ತಮ್ಮ. ಚೋರನೂರಿನಲ್ಲಿ ಅವರ ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ. ನಮ್ಮ ಮದುವೆಯಾದಾಗ ಅಕ್ಕನ ಸೆರಗು ಹಿಡಿದುಕೊಂಡೇ ನಮ್ಮ ಮನೆಗೆ ಬಂದ. ನಮಗೆ ಮಕ್ಕಳಾಗಲಿಲ್ಲ, ಅವನೇ ಆದ. ನನ್ನ ಕಸುಬು ಕಲಿಸಲು ನೋಡಿದೆ. ಎರಡು ತಿಂಗಳು ನನ್ನ ಕೆಲಸ ನೋಡಿ, ಲಾರಿ ಕಲಿಯುತ್ತೇನೆ ಎಂದು ಎದ್ದು ಹೋದ. ಈಗ ಇಪ್ಪತ್ತೆಂಟು ವರ್ಷದ ಆಳು, ಮೂಕಪ್ಪ ಎಂಬ ಮಾಲೀಕನ ಆರು ಚಕ್ರದ ಲಾರಿಯಲ್ಲಿ ಸಂಡೂರಿನ ಗಣಿಯಿಂದ ಹೊಸಪೇಟೆಯ ಪ್ಲಾಟಿಗೆ, ಅಂದರೆ ರಾಶಿ ಹಾಕುವ ಬಯಲಿಗೆ, ಅದಿರು ಹೊಡೆಯುತ್ತಿದ್ದ. ಹೋಗುವಾಗ ಖಾಲಿ, ಬರುವಾಗ ತುಂಬಿದ ಲಾರಿ, ಗುಡ್ಡದ ಇಳಿಜಾರು. ಮಧ್ಯಾಹ್ನ ಅವನು ಊಟಕ್ಕೆ ಬರುವುದು ಹತ್ತು ನಿಮಿಷ ತಡವಾದರೆ ಗಂಗಾಂಬಿಕಾ ಒಲೆ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಅವನ ಲಾರಿಯ ಹಾರನ್ ಕೇಳಿದ ಮೇಲೆಯೇ ಅವಳು ರೊಟ್ಟಿ ತಟ್ಟಲು ಕೂರುವುದು.

ಒಂದು ಮಧ್ಯಾಹ್ನ ಉಣ್ಣುತ್ತ ಅವನು ಹೇಳಿದ.

“ಲೋಡರ್‌ನವ್ರಿಗೆ ಅಂದಾಜs ಇಲ್ಲ ಮಾಮಾ. ಬಕೆಟ್ ಮ್ಯಾಲ ಬಕೆಟ್ ಸುರೀತಾರ. ನಾವು ಸ್ಪ್ರಿಂಗ್ ಪಟ್ಟಿ ಹತ್ರ ಬೆರಳಿಟ್ಟು ನೋಡ್ಬೇಕು. ಪಟ್ಟಿಗೂ ಚಾಸಿಗೂ ನಡುವ ನಾಕ್ ಬೆರಳು ಸಂದು ಇದ್ರ ಗುಡ್ಡ ಇಳೀಬಹುದು. ಎರಡ ಬೆರಳಾತಂದ್ರ ಬ್ರೇಕ್ ಹಿಡಿಯಾಂಗಿಲ್ಲ, ಡ್ರಮ್ ಸುಟ್ಟ ವಾಸನಿ ಬರ್ತೈತಿ.”

ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಭಾರ ಬಿದ್ದಂತೆ ಪಟ್ಟಿ ಕುಗ್ಗುತ್ತದೆ. ಎಷ್ಟು ಭಾರವೋ ಅಷ್ಟು ಕುಗ್ಗು. ಎಷ್ಟು ತಿರುಗಿಸಿದರೆ ಅಷ್ಟೇ ಏರುವ ಸಾಮಾನು ನನ್ನ ಮನೆಯಲ್ಲಿ ಎರಡು ಚೀಲ ಬಿದ್ದಿದೆ! ಕೈ ತೊಳೆಯದೆ ಅಂಗಡಿಗೆ ಓಡಿದೆ. ಕಂಟ್ರೋಲನ್ನು ಅವನ ಲಾರಿಯ ಚಾಸಿಗೆ ಬಿಗಿದು, ಅದರ ಕಡ್ಡಿಗೆ ಹಳೇ ಛತ್ರಿಯ ತಂತಿ ಕಟ್ಟಿ ಪಟ್ಟಿಗೆ ಸಿಕ್ಕಿಸಿದೆ. ಅಲ್ಲಿಂದ ವೈರ್ ಎಳೆದು ಡ್ರೈವರ್ ಮುಂದೆ ಮುಳ್ಳಿನ ಮೀಟರ್ ಕೂರಿಸಿದೆ. ಧೂಳು ಹೋಗದಂತೆ ಕಂಟ್ರೋಲಿಗೆ ಸೈಕಲ್ ಟ್ಯೂಬಿನ ಕುಲಾವಿ ಹಾಕಿದೆ. ಕಾಟಾದ ಮೇಲೆ ಲಾರಿ ನಿಲ್ಲಿಸಿ, ತೂಕದ ಚೀಟಿ ನೋಡಿ ನೋಡಿ ಮುಳ್ಳನ್ನು ಹದ ಮಾಡಿದೆ. ಆ ಮೀಟರುಗಳ ಮುಖದಲ್ಲಿ ಕೊನೆಯ ಭಾಗಕ್ಕೆ ಮೊದಲೇ ಕೆಂಪು ಬಣ್ಣ ಇತ್ತು. ಸರ್ಕಾರ ಒಪ್ಪಿದ ಹತ್ತು ಟನ್ನಿಗೆ ಸರಿಯಾಗಿ ಕೆಂಪು ಶುರುವಾಗುವಂತೆ ಇಟ್ಟೆ. ಹದಿನಾರಕ್ಕೆ ಮುಳ್ಳು ಕೊನೆಯ ಗೂಟ ಮುಟ್ಟುತ್ತಿತ್ತು. ನಂಬಿ, ಒಂದು ಚೀಲ ಸಿಮೆಂಟು ಹೇರಿದರೂ ಮುಳ್ಳು ಅಲುಗುತ್ತಿತ್ತು.

ಮೂಕಪ್ಪ ಬಂದು ನೋಡಿದ. ಹೆಸರಿಟ್ಟವರು ಆಮೇಲೆ ಪಶ್ಚಾತ್ತಾಪ ಪಟ್ಟಿರಬೇಕು, ಅವನ ಬಾಯಿಗೆ ಬಿಡುವೆಂಬುದೇ ಇಲ್ಲ. “ಮಸ್ತ್ ಮಾಡೀರಿ ಎಂಜಿನಿಯರ್ ಸಾಹೇಬ್ರ! ನನ್ನ ಮೂರೂ ಗಾಡಿಗೆ ಹಾಕ್ರಿ, ಜಲ್ದಿ ಹಾಕ್ರಿ, ನಮ್ಮ ಭಾವಂದೂ ನಾಕ್ ಗಾಡಿ ಅದಾವ” ಎಂದ. ಎರಡು ತಿಂಗಳಲ್ಲಿ ಮೂವತ್ತೇಳು ಲಾರಿಗೆ ಹಾಕಿದೆ. ಲಾರಿಗಳು ನಮ್ಮ ಓಣಿಯಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. ನಲವತ್ತೈದು ವರ್ಷಕ್ಕೆ ಮೊದಲ ಸಲ ಯಾರೋ ನನ್ನನ್ನು ಸಾಹೇಬ್ರು ಎಂದಿದ್ದರು. ನಾನು ಇಸ್ತ್ರಿ ಅಂಗಿ ಹಾಕಲು ಶುರುಮಾಡಿದೆ, ಜೇಬಿಗೆ ಎರಡು ಪೆನ್ನು ಸಿಕ್ಕಿಸಿದೆ. ಒಂದರಲ್ಲಿ ಇಂಕು ಇರಲಿಲ್ಲ.

ಅದಕ್ಕಿಂತ ದೊಡ್ಡ ಸಂತೋಷ ಇನ್ನೊಂದಿತ್ತು. ಹಿಟ್ಟಿನ ಗಿರಣಿಯಲ್ಲಿ ಗಂಗಾಂಬಿಕಾ, “ನಮ್ಮ ಮನಿಯವ್ರು ಲಾರಿ ಬೀಳದಂಗ ಒಂದ್ ಮೀಟರ್ ಕಂಡ್ ಹಿಡಿದಾರ” ಎಂದು ಹೇಳುವುದು ನನ್ನ ಕಿವಿಗೆ ಬಿತ್ತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ನನ್ನ ಬಗ್ಗೆ ಹೊರಗೆ ಅಷ್ಟು ದೊಡ್ಡ ವಾಕ್ಯ ಆಡಿದ್ದು ನಾನು ಕೇಳಿರಲಿಲ್ಲ. ಊಟಕ್ಕೆ ಕೂತರೆ ತುಪ್ಪ ಒಂದು ಹನಿ ಹೆಚ್ಚು ಬೀಳುತ್ತಿತ್ತು. ನನ್ನ ಮೀಟರಿನಿಂದ ಗುಡ್ಡದ ದಾರಿಯಲ್ಲಿ ಎಷ್ಟು ಜೀವ ಉಳಿಯುತ್ತಿರಬಹುದು ಎಂದು ಎಣಿಸುತ್ತ ಕೂರುತ್ತಿದ್ದೆ. ಇದೇ ಲಹರಿಯಲ್ಲಿ ಒಂದು ದಿನ, ನನ್ನ ಮೀಟರ್ ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕೆಂದು ಇಸ್ತ್ರಿ ಅಂಗಿ ತೊಟ್ಟು ಮಲ್ಲೇಶನ ಲಾರಿ ಹತ್ತಿದೆ. ಅವನು ಬೇಡವೆಂದ. ನಾನು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ.

ಗಣಿಯಲ್ಲಿ ಲಾರಿ ನಿಲ್ಲಿಸಿದೆವು. ಲೋಡರ್ ಎರಡು ಬಕೆಟ್ ಸುರಿಯಿತು, ಮೂರು ಸುರಿಯಿತು. ಮುಳ್ಳು ಕೆಂಪಿನ ಅಂಚಿಗೆ ಬಂದು ನಿಂತಿತು. ಸಾಕು, ಇನ್ನು ನಿಲ್ಲಿಸುತ್ತಾರೆ ಎಂದು ನಾನು ಎದೆ ಉಬ್ಬಿಸಿದೆ. ಲೋಡರ್‌ನವನು ತನ್ನ ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ಮುಳ್ಳು ಎಲ್ಲೈತಿ?”

“ಕೆಂಪು ಹತ್ತೈತಿ” ಎಂದ ಮಲ್ಲೇಶ, ಸಣ್ಣ ದನಿಯಲ್ಲಿ.

“ಬರೇ ಹತ್ತೈತಾ? ಇನ್ನೂ ಪೂರಾ ಕೆಂಪು ಖಾಲಿ ಐತಲ್ಲೋ. ಗೂಟಕ್ಕ ಹೊಡೀಲಿ ಇರು” ಎಂದವನೇ ಇನ್ನೊಂದು ಬಕೆಟ್ ಎತ್ತಿದ.

ಪಕ್ಕದ ಲಾರಿಯಲ್ಲೂ ಅದೇ ಮಾತು. ಅದರಾಚೆಯದರಲ್ಲೂ ಅದೇ. ಮುಳ್ಳು ಗೂಟಕ್ಕೆ ಹೊಡೆದು ನಿಂತರೆ ಶಿಳ್ಳೆ ಹಾಕುತ್ತಿದ್ದರು. ನಾನು ಯಾವ ಕೆಂಪನ್ನು ನಿಲ್ಲು ಎಂದು ಹೇಳಲು ಇಟ್ಟಿದ್ದೆನೋ, ಅದನ್ನು ಅವರು ತುಂಬಬೇಕಾದ ಜಾಗ ಎಂದು ಓದುತ್ತಿದ್ದರು. ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿಟ್ಟಿದ್ದೆ.

“ನೀನಾದ್ರೂ ಬ್ಯಾಡ ಅನ್ನಬಾರದೇನೋ?” ಎಂದೆ.

ಮಲ್ಲೇಶ ನನ್ನ ಕಡೆ ನೋಡದೆ ಹೇಳಿದ. “ಮೊದ್ಲು ಅಂತಿದ್ದೆ ಮಾಮಾ. ಬೆರಳಿಟ್ಟು ನೋಡಿ, ತುಂಬೇತಿ ಸಾಕು ಅಂತ ಹೊಂಟ್ ಬಿಡ್ತಿದ್ದೆ. ಇಲ್ಲಿ ಕಾಟಾ ಇಲ್ಲ, ಅದೇನಿದ್ರೂ ಕೆಳಗ ಪ್ಲಾಟಿನ್ಯಾಗ. ಅಲ್ಲಿ ತೂಕ ಕಮ್ಮಿ ಬಂದ್ರ, ಲೋಡರ್‌ನವ ಕಮ್ಮಿ ಹಾಕ್ಯಾನ, ನನಗೇನ್ ಗೊತ್ತು ಅಂತಿದ್ದೆ. ಈಗ ಹಂಗ ಅನ್ನಾಕ ಬರಾಂಗಿಲ್ಲ. ಮುಂದs ಮುಳ್ಳೈತಲ್ಲ, ನೋಡ್ಲಿಲ್ಲೇನು ಅಂತಾನ ಮೂಕಪ್ಪ. ಗೂಟ ಮುಟ್ಟದಂಗ ಯಾವನಾದ್ರೂ ಗಾಡಿ ತಂದ್ರ ಮರುದಿನದಿಂದ ಬರಬ್ಯಾಡ ಅಂದಾನ.”

“ನನಗ್ಯಾಕ ಹೇಳ್ಲಿಲ್ಲೋ?”

“ನೀವು ಭಾಳ ಖುಷಿ ಇದ್ರಿ. ಅಕ್ಕನೂ ಖುಷಿ ಇದ್ಲು.”

ಅದಾದ ಮೇಲೆ ಗುಡ್ಡ ಇಳಿದೆವು. ಆ ಇಳಿತದ ಬಗ್ಗೆ ಹೆಚ್ಚು ಹೇಳಲು ನನ್ನಿಂದಾಗದು, ಏಕೆಂದರೆ ಅರ್ಧ ದಾರಿ ಕಣ್ಣು ಮುಚ್ಚಿಕೊಂಡಿದ್ದೆ. ಹಿಂದೆ ಹದಿನಾರು ಟನ್ ಅದಿರು ನಮ್ಮನ್ನು ದಬ್ಬುತ್ತಿತ್ತು. ಮಲ್ಲೇಶ ಎರಡನೇ ಗೇರಿನಲ್ಲಿ, ಬ್ರೇಕನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಇಳಿಸುತ್ತಿದ್ದ. ನಡು ತಿರುವಿನಲ್ಲಿ ಸುಟ್ಟ ವಾಸನೆ ಬಂತು. ಅವನ ಕುತ್ತಿಗೆಯ ನರ ಬಿಗಿದಿತ್ತು, ತುಟಿ ಏನೋ ಜಪಿಸುತ್ತಿತ್ತು. ನಾನು ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡು, ಬದುಕಿನಲ್ಲಿ ನೆನೆಯದ ದೇವರುಗಳನ್ನೆಲ್ಲ ನೆನೆದೆ. ಎದುರಿಗೆ ನನ್ನ ಮುಳ್ಳು ಮಾತ್ರ ಗೂಟಕ್ಕೆ ಒರಗಿ ಹಾಯಾಗಿ ನಿಂತಿತ್ತು. ನಾನು ಮಾಡಿದ ಸಾಮಾನುಗಳಲ್ಲಿ ಒಂದಾದರೂ ಸರಿಯಾಗಿ ಕೆಲಸ ಮಾಡಲಿ ಎಂದು ಜೀವಮಾನವಿಡೀ ಹಂಬಲಿಸಿದ್ದೆ. ಇದೊಂದು ಸರಿಯಾಗಿ ಕೆಲಸ ಮಾಡುತ್ತಿತ್ತು.

ಪ್ಲಾಟಿನ ಹತ್ತಿರದ ಹೋಟೆಲಿನ ಮುಂದೆ ಲಾರಿ ನಿಲ್ಲಿಸಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಿಸಿದ. ಒಗ್ಗರಣಿಯೆಲ್ಲ ನನ್ನ ಇಸ್ತ್ರಿ ಅಂಗಿಯ ಮೇಲೆ ಚೆಲ್ಲಿತು.

“ಎಲ್ಲಾ ಕಿತ್ತು ಒಗೀತೀನಿ” ಎಂದೆ.

“ಕಿತ್ರ ಏನಾತು? ಮೂಕಪ್ಪ ಬಳ್ಳಾರಿಯಿಂದ ಇನ್ನೊಬ್ಬನ್ನ ಕರ್ಕೊಂಡ್ ಬಂದು ಇಂಥಾದ ಮಾಡಸ್ತಾನ. ರುಚಿ ಹತ್ತೈತಿ ಅವ್ಗ” ಎಂದ ಮಲ್ಲೇಶ. ಇಷ್ಟು ಹೇಳಿ ಮಿರ್ಚಿ ಕಚ್ಚಿದ. ಮಧ್ಯಾಹ್ನದ ಮೇಲೆ ಅವನಿಗೆ ಮತ್ತೊಂದು ಟ್ರಿಪ್ ಇತ್ತು.

ಅವನು ಹೋದ ಮೇಲೆ ಆ ಹೋಟೆಲಿನ ಬೆಂಚಿನ ಮೇಲೆ ಕೂತು ಯೋಚಿಸಿದೆ. ಮೀಟರ್ ಕೆಟ್ಟು ನಿಂತರೆ ರಿಪೇರಿ ಮಾಡಿಸುತ್ತಾರೆ. ಇರುವುದಕ್ಕಿಂತ ಹೆಚ್ಚು ತೋರಿಸುವಂತೆ ಮಾಡಿದರೆ ಕಾಟಾದಲ್ಲಿ ಒಂದೇ ದಿನಕ್ಕೆ ಸಿಕ್ಕಿಬೀಳುತ್ತೇನೆ. ಆದರೆ ಒಮ್ಮೆ ನಿಜ, ಒಮ್ಮೆ ಸುಳ್ಳು, ಹೊತ್ತಿಗೊಂದು ಬಣ್ಣ ಹೇಳುವ ಮೀಟರನ್ನು ಯಾರೂ ನಂಬುವುದಿಲ್ಲ. ಅಂಥದ್ದನ್ನು ಒಬ್ಬರು ನಂಬದಿದ್ದರೆ ಸಾಲದು, ಮೂವತ್ತೇಳು ಗಾಡಿಯವರೂ ಬೈದು ಎಸೆಯಬೇಕು. ಇದೆಲ್ಲ ಬರೀ ಬೊಗಳೆ, ಇಂಥ ಸಾಮಾನು ಆಗುವುದೇ ಇಲ್ಲ ಎಂದು ಜಿಲ್ಲೆಗೆಲ್ಲ ಗೊತ್ತಾಗಬೇಕು. ಅಂದರೆ ಚನ್ನಯ್ಯ ದಡ್ಡ ಎಂದು ಸಾಬೀತಾಗಬೇಕು. ಅದಕ್ಕೆ ಬೇಕಾದ ಅನುಭವ ನನ್ನಲ್ಲಿ ಧಾರಾಳವಾಗಿತ್ತು.

ಮೀಟರುಗಳಿಗೆ ಫ್ರೀ ಸರ್ವಿಸ್ ಎಂದು ಸಾರಿದೆ. ಫ್ರೀ ಎಂದರೆ ನಮ್ಮೂರಲ್ಲಿ ಯಾರು ತಾನೇ ಬಿಡುತ್ತಾರೆ! ಲಾರಿಗಳು ಮತ್ತೆ ಸಾಲುಗಟ್ಟಿದವು. ಗೋಣಿ ಹಾಸಿಕೊಂಡು ಅಡಿಗೆ ನುಸುಳಿ, ಟ್ಯೂಬಿನ ಕುಲಾವಿ ಸೀಳಿ, ಕಂಟ್ರೋಲಿನ ಒಳಗೆ ಒಂದು ಚಿಟಿಕೆ ಅದಿರಿನ ಧೂಳು ಹಾಕುತ್ತ ಬಂದೆ. ಇಪ್ಪತ್ತೈದು ವರ್ಷ ಈ ಧೂಳನ್ನು ಪೆಟ್ರೋಲಿನಲ್ಲಿ ತೊಳೆದು ತೊಳೆದು ತೆಗೆದವನು ನಾನು. ಮೊದಲನೆಯದಕ್ಕೆ ಹಾಕುವಾಗ ಕೈ ಬರಲೇ ಇಲ್ಲ, ಸುಮ್ಮನೆ ಮಲಗಿ ಅದನ್ನೇ ನೋಡುತ್ತಿದ್ದೆ. ಎಷ್ಟು ಚೆನ್ನಾಗಿ ಕೂತಿತ್ತು ಆ ಛತ್ರಿ ತಂತಿ! ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಒಂದನ್ನಾದರೂ ಹಾಗೇ ಬಿಡೋಣ, ನೆನಪಿಗಿರಲಿ ಎಂಬ ಆಸೆಯೂ ಬಂತು. ಯಾವುದನ್ನು ಬಿಡಲಿ ಎಂದು ಯೋಚಿಸಿದಾಗ, ಪ್ರತಿ ಲಾರಿಗೂ ಒಬ್ಬ ಡ್ರೈವರ್ ಇದ್ದಾನೆ ಎಂಬುದು ಹೊಳೆಯಿತು. ಮೂವತ್ತೇಳಕ್ಕೂ ಹಾಕಿದೆ.

ಮಲ್ಲೇಶನ ಲಾರಿ ಕೊನೆಯದು. ಅವನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಲ್ಲ ನೋಡಿದ. “ಅಕ್ಕಗ ಹೇಳ್ಲೇನ್ರಿ?” ಎಂದು ಕೇಳಿದ. ಬೇಡವೆಂದೆ. ಗಂಗಾಂಬಿಕಾಗೆ ತಿಳಿದರೆ ಗಂಡ ಇಂಥ ದೊಡ್ಡ ಕೆಲಸ ಮಾಡಿದ ಎಂದು ಹಿಟ್ಟಿನ ಗಿರಣಿಯಲ್ಲಿ ಒಂದು ಮಾತು ಆಡದೆ ಇರುತ್ತಾಳೆಯೇ? ಅಲ್ಲಿ ಆಡಿದ್ದು ಮೂಕಪ್ಪನಿಗೆ ತಲುಪಲು ಅರ್ಧ ಗಂಟೆ ಸಾಕು.

ಹದಿನೈದು ದಿನದಲ್ಲಿ ಮುಳ್ಳುಗಳಿಗೆ ದೆವ್ವ ಹಿಡಿಯಿತು. ಖಾಲಿ ಲಾರಿ ಗೂಟಕ್ಕೆ ಹೊಡೆಯುತ್ತಿತ್ತು, ತುಂಬಿದ್ದು ಸೊನ್ನೆಗೆ ಬಂದು ಮಲಗುತ್ತಿತ್ತು. ಹಾರನ್ ಹೊಡೆದರೆ ಮುಳ್ಳು ಕುಣಿಯುತ್ತಿತ್ತು. ಒಬ್ಬ ಡ್ರೈವರ್ ಮುಳ್ಳನ್ನು ನಂಬಿ ಐದು ಟನ್ ಹೇರಿಕೊಂಡು ಪ್ಲಾಟಿಗೆ ಬಂದನಂತೆ, ಅಲ್ಲಿ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

ಒಂದು ಬೆಳಿಗ್ಗೆ ಮೂಕಪ್ಪ ನಾಲ್ಕೈದು ಮಂದಿ ಮಾಲೀಕರನ್ನೂ ಅವರ ಡ್ರೈವರುಗಳನ್ನೂ ಕಟ್ಟಿಕೊಂಡು ಬಂದ. ಕಿತ್ತ ಮೀಟರುಗಳ ಗಂಟನ್ನು ನನ್ನ ಮೇಜಿನ ಮೇಲೆ ಸುರಿದ. ಓಣಿಯ ಬಾಗಿಲುಗಳೆಲ್ಲ ತೆರೆದವು. ಉಚ್ಚಂಗೆಮ್ಮ ಕಸಬರಿಗೆ ಹಿಡಿದುಕೊಂಡೇ ಬಂದು ನಿಂತಳು. ಗಂಗಾಂಬಿಕಾ ಒಳಬಾಗಿಲಲ್ಲಿ ಇದ್ದಳು. ಲಾರಿಯ ಪಕ್ಕದಲ್ಲಿ ಮಲ್ಲೇಶ, ತಲೆ ತಗ್ಗಿಸಿಕೊಂಡು.

“ಏನ್ರಿ ಇದು? ಎಂಜಿನಿಯರ್ ಅಂತ ನಂಬಿದ್ರ ನಮಗ ಟೋಪಿ ಹಾಕ್ತೀರೇನು? ಹೋದ ತಿಂಗಳು ಚಲೋ ಇದ್ವಲ್ಲ, ಈಗೇನು ರೋಗ?” ಎಂದು ಮೂಕಪ್ಪ ಒದರಿದ.

“ಹೋದ ತಿಂಗಳೂ ಸರಿ ಇರ್ಲಿಲ್ರಿ. ಸುಮ್ನ ಹೊಂದಿಕೊಂಡಿದ್ವು” ಎಂದೆ.

“ಅಂದ್ರ?”

“ಅಂದ್ರ, ಇದು ಆಗೋ ಹೋಗೋ ಕೆಲ್ಸ ಅಲ್ರಿ. ನಮ್ಮ ಧೂಳಿಗೆ ಯಾರ್ ಮಾಡಿದ್ರೂ ನಿಲ್ಲಾಂಗಿಲ್ಲ. ನನಗಂತೂ ಬರಾಂಗಿಲ್ಲ.”

“ಹಂಗಾರ ನಾವು ತೂಕ ಯಾರ್ನ ಕೇಳಬೇಕು?”

“ಡ್ರೈವರ್ನ ಕೇಳ್ರಿ. ಅವ್ನ ಕೈಗೆ ಗೊತ್ತಿರೋದು ನನ್ನ ಮುಳ್ಳಿಗೆ ಗೊತ್ತಿಲ್ಲ. ನಾನೊಬ್ಬ ದಡ್ಡ, ನನ್ನ ಮಾತು ಕೇಳಿದ್ದs ನಿಮ್ಮ ತಪ್ಪು.”

ಆಮೇಲೆ ಮೂಕಪ್ಪನ ಬಾಯಿಂದ ಹೊರಟದ್ದನ್ನು ಇಲ್ಲಿ ಹೇಳಲಾರೆ. ಮೀಟರಿಗೆ ನಾನು ತೆಗೆದುಕೊಂಡಿದ್ದ ಹಣವನ್ನೆಲ್ಲ ಹಿಂದಕ್ಕೆ ಕೊಡಿಸಿಕೊಂಡು, ಡ್ರೈವರುಗಳ ಕಡೆ ತಿರುಗಿ, “ನಾಳಿಯಿಂದ ಮೊದ್ಲಿನಂಗs ನೋಡ್ಕೊಂಡು ತರ್ರಿ” ಎಂದು ಹೇಳಿ ಹೋದ. ನಾನು ತಲೆ ಎತ್ತಿ ನೋಡುವಷ್ಟರಲ್ಲಿ ಒಳಬಾಗಿಲು ಮುಚ್ಚಿತ್ತು.

ಗಂಗಾಂಬಿಕಾ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ತುಪ್ಪ ನಿಂತುಹೋಯಿತು. ಗಿರಣಿಗೆ ಜೋಳವನ್ನು ತಾನು ಒಯ್ಯದೆ ನನ್ನ ತಲೆಯ ಮೇಲೆ ಹೊರಿಸಿ ಕಳಿಸಿದಳು, ಅಲ್ಲಿಯವರ ನಗೆಯನ್ನೂ ನಾನೇ ಹೊತ್ತು ತಂದೆ. ನಾಲ್ಕನೇ ದಿನ ಮಧ್ಯಾಹ್ನ ಮಲ್ಲೇಶ ಊಟಕ್ಕೆ ಬಂದ. ಮೂವರೂ ಅಡುಗೆಮನೆಯಲ್ಲಿ ಕೂತೆವು. ರೊಟ್ಟಿ ಬಡಿಸುತ್ತಿದ್ದವಳು ಇದ್ದಕ್ಕಿದ್ದಂತೆ ತಮ್ಮನ ಕಡೆ ತಿರುಗಿದಳು.

“ನೀನರ ಹೇಳಪ್ಪಾ. ಅಷ್ಟ್ ಮಂದಿ ಮುಂದ ನಾನು ದಡ್ಡ ಅಂತ ನಿಂತ್ಕೊಂಡ್ ಹೇಳಿದ್ರಲ್ಲ, ಮನಿಷಾಗ ಮಾನ ಬ್ಯಾಡೇನು? ಆ ಮೀಟರ್ ಖರೇನs ಅಷ್ಟ್ ಕೆಟ್ಟದ್ದಿತ್ತೇನು?”

ಅವಳ ದನಿ ಕೊನೆಯಲ್ಲಿ ಒಡೆಯಿತು. ಅದರಲ್ಲಿ ಸಿಟ್ಟು ಕಡಿಮೆಯಿತ್ತು. ಇಲ್ಲ ಅಕ್ಕಾ, ಚೆನ್ನಾಗಿತ್ತು ಎಂದು ಅವನು ಹೇಳಲಿ ಎಂದು ಅವಳು ಆಸೆಪಡುತ್ತಿದ್ದಳು. ಹಾಳಾಗಿ ಹೋಗಲಿ, ನಾನೂ ಅದನ್ನೇ ಆಸೆಪಡುತ್ತಿದ್ದೆ.

ಮಲ್ಲೇಶ ನನ್ನ ಮುಖ ನೋಡಿದ. ಬದನೆಕಾಯಿ ಪಲ್ಯದಲ್ಲಿ ರೊಟ್ಟಿ ಅದ್ದಿ ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು ನುಂಗಿದ.

“ಭಾಳ ಕೆಟ್ಟದ್ದಿತ್ತಕ್ಕಾ” ಎಂದ. “ಮಾಮಗ ಆ ಕೆಲ್ಸ ಸುಡಗಾಡು ಬರಾಂಗಿಲ್ಲ. ಬಿಡು.”

ಎಷ್ಟು ಸಲೀಸಾಗಿ ಹೇಳಿದ ಮಗ! ಒಂದು ಸಲ ತಡವರಿಸಲೂ ಇಲ್ಲ. ನಾನು ಎತ್ತಿ ಆಡಿಸಿದ ಹುಡುಗ, ನನ್ನ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತು, ನನ್ನ ಮನೆಯ ರೊಟ್ಟಿ ತಿನ್ನುತ್ತ, ನನಗೆ ಕೆಲಸ ಬರುವುದಿಲ್ಲ ಎನ್ನುತ್ತಿದ್ದ. ಅವನ ಹಣೆಯ ಮೇಲೆ ಧೂಳಿತ್ತು, ಮೀಸೆಗೆ ಪಲ್ಯ ಹತ್ತಿತ್ತು. ಇನ್ನರ್ಧ ಗಂಟೆಗೆ ಮತ್ತೆ ಗುಡ್ಡಕ್ಕೆ ಹೋಗುವವನಿದ್ದ, ಸಂಜೆ ಮತ್ತೆ ಇಳಿದು ಬರುವವನಿದ್ದ.

“ಅವ್ಗ ಇನ್ನೊಂದು ರೊಟ್ಟಿ ಹಾಕು” ಎಂದೆ ಗಂಗಾಂಬಿಕಾಗೆ.